ಸಕ್ಕರೆ ಬಟ್ಟಲಿನ ತಳದಲ್ಲಿ ಕಾಜು ಬರ್ಫಿ ಆಕಾರದ ಗುರುತು: 1843 ಸರೀನಾ?

ಸೀತಾಳೆ (ನ್ಯೂಕಾಸಲ್)

ಎಲ್ಲರಿಗೂ ನಮಸ್ಕಾರ. ಇಲ್ಲಿಗೆ ಬಂದು ನಾಲ್ಕು ವರ್ಷ ಆಯ್ತು. ವಾರಾಂತ್ಯದ ಹಳೇ ಸಾಮಾನಿನ ಸಂತೆಗೆ ಹೋಗೋದು ನನಗೆ ಚಟ, ನಮ್ಮನೆಯವರಿಗೆ ತಲೆನೋವು. ಹೋದ ಶನಿವಾರ 8 ಪೌಂಡ್ ಕೊಟ್ಟು ಒಂದು ಗಾಜಿನ ಸಕ್ಕರೆ ಬಟ್ಟಲು ತಂದೆ. ಬಣ್ಣ ಏನಿಲ್ಲ, ನೀರಿನ ಥರ ತಿಳಿ ಗಾಜು. ಅಂಗೈ ಮೇಲೆ ಕೂರುತ್ತೆ, ಆದರೆ ಹಿಡಿದರೆ ಒಳ್ಳೇ ಕುಟ್ಟಾಣಿ ಹಿಡಿದ ಹಾಗೆ ಭಾರ. ಸುತ್ತ ಇಂಗ್ಲಿಷ್ ಅಕ್ಷರ ಉಬ್ಬಿಕೊಂಡಿದೆ, ಅದರಲ್ಲಿ "ಮಿಲಿಯನ್" ಅಂತ ಮಾತ್ರ ಓದೋಕಾಯ್ತು.

ತಳದಲ್ಲಿ ಕಾಜು ಬರ್ಫಿ ಆಕಾರದ ಒಂದು ಗುರುತು, ನಾಲ್ಕೂ ಮೂಲೇಲಿ ಅಕ್ಷರ, ಅಂಕಿ. ಅಂಗಡಿಯವರು ಅಂಟಿಸಿದ್ದ ಚೀಟಿಯಲ್ಲಿ "1843" ಅಂತಿತ್ತು. ಮನೆಗೆ ಬಂದು ನಾನೇ, ಇಂಥ ಗುರುತಿನ ಯಾವ ಅಕ್ಷರ ಯಾವ ವರ್ಷ, ತಿಂಗಳು ಅಂತ ಹೇಳೋ ಪಟ್ಟಿ ಹಿಡ್ಕೊಂಡು ಕೂತೆ. ಮೇಲೆ ಇಂಗ್ಲಿಷಿನ ಇ (E) ಅಕ್ಷರ ಇದೆ, ಅಂದರೆ 1855. ಎಡಗಡೆ ಎಚ್, ಅಂದರೆ ಏಪ್ರಿಲ್. ಬಲಗಡೆ 8. ಕೆಳಗೆ 1. ಲೆಕ್ಕ ಕರೆಕ್ಟಾಗಿ ಕೂತಿತು: 8 ಏಪ್ರಿಲ್ 1855. ಹಾಗಾದ್ರೆ ಅಂಗಡಿಯವರ 1843 ಎಲ್ಲಿಂದ ಬಂತು? ಯಾರು ಸರಿ?

ಧಾರವಾಡ ಪೇಡೆ

ಅಕ್ಕಾರ, ಮಿಲಿಯನ್ ಅಂದ್ರ ಹತ್ತು ಲಕ್ಷ. ಅದರಾಗ ಸಕ್ಕರಿ ಅಲ್ರೀ, ರೊಕ್ಕಾ ಇಡ್ತಿದ್ರು ಕಾಣ್ತದ. ತಿರುವಿ ನೋಡ್ರಿ, ಒಂದಾದ್ರೂ ಉಳದಿದ್ರ ಅರ್ಧಾ ನನಗ.

ಗಾಜಿನಜ್ಜ (ಮ್ಯಾಂಚೆಸ್ಟರ್)

ಸೀತಾಳೆ ಅವರೇ, ಇಬ್ಬರದ್ದೂ ತಪ್ಪು ಅನ್ನಿಸುತ್ತೆ. ಉತ್ತರ ಹೇಳುವ ಮುಂಚೆ ಮೂರು ಪ್ರಶ್ನೆ.

ಒಂದು, ಮೇಲಿನ ಮೂಲೆಯಲ್ಲಿ ಇ ಒಂದೇ ಇದೆಯಾ, ಅದರ ಪಕ್ಕ ಇನ್ನೇನಾದರೂ ಗೀಟು ಇದೆಯಾ? ಎರಡು, ಗುರುತಿನ ಹೊಟ್ಟೆಯಲ್ಲಿ ಏನಿದೆ? ಮೂರನೆಯದೇ ಮುಖ್ಯ: ನೀವು ಬಟ್ಟಲನ್ನು ಮೇಜಿನ ಮೇಲಿಟ್ಟು ಒಳಗಿನಿಂದ ಇಣುಕಿ ಓದಿದಿರೋ, ಬೋರಲು ಹಾಕಿ ತಳ ನೋಡಿ ಓದಿದಿರೋ?

ಕಾಯುತ್ತಾ ಇರುವವರಿಗೆ ಹಿನ್ನೆಲೆ ಹೇಳುತ್ತೇನೆ. ಬ್ರಿಟನ್ನಿನಲ್ಲಿ 1842ರಿಂದ 1883ರವರೆಗೆ ಹೊಸ ವಿನ್ಯಾಸ ಮಾಡಿದವರು ಅದನ್ನು ಸರ್ಕಾರಿ ಕಚೇರಿಯಲ್ಲಿ ನೋಂದಾಯಿಸಿದರೆ ಈ ವಜ್ರಾಕಾರದ ಗುರುತು ಹಾಕಿಕೊಳ್ಳಬಹುದಿತ್ತು. ಗಾಜಿಗೆ ಮೂರು ವರ್ಷ ರಕ್ಷಣೆ, ಆ ಅವಧಿಯಲ್ಲಿ ಬೇರೆಯವರು ಆ ವಿನ್ಯಾಸ ಕದಿಯುವ ಹಾಗಿಲ್ಲ. ತುದಿಯ ಪುಟ್ಟ ವೃತ್ತದಲ್ಲಿ ರೋಮನ್ ಅಂಕಿ: ಒಂದು ಅಂದರೆ ಲೋಹ, ಎರಡು ಮರ, ಮೂರು ಗಾಜು, ನಾಲ್ಕು ಮಣ್ಣು ಮತ್ತು ಪಿಂಗಾಣಿ. ಅದರ ಕೆಳಗೆ ವಜ್ರದ ನಾಲ್ಕು ಮೂಲೆಗಳಲ್ಲಿ ವರ್ಷ, ತಿಂಗಳು, ದಿನ, ಅರ್ಜಿ ಕಾಗದದ ಕಟ್ಟಿನ ನಂಬರು.

ಎಲ್ಲರೂ ಎಡವೋದು ಇಲ್ಲಿ. ವರ್ಷಕ್ಕೊಂದು ಅಕ್ಷರ ಕೊಟ್ಟುಕೊಂಡು ಬಂದರು, ಅದೂ ವರ್ಣಮಾಲೆಯ ಕ್ರಮದಲ್ಲಲ್ಲ, ಕಂಡ ಹಾಗೆ. 1867ಕ್ಕೆ 26 ವರ್ಷ ಆಯಿತು, 26 ಅಕ್ಷರವೂ ಖಾಲಿ. 1868ರಲ್ಲಿ ಮತ್ತೆ ಅದೇ ಅಕ್ಷರಗಳನ್ನು ಮೊದಲಿನಿಂದ ಶುರು ಮಾಡಿದರು, ಗೊಂದಲ ಆಗಬಾರದು ಅಂತ ಮೂಲೆಗಳನ್ನು ಅದಲುಬದಲು ಮಾಡಿದರು. 1867ರ ತನಕ ಮೇಲೆ ವರ್ಷ, ಎಡಕ್ಕೆ ತಿಂಗಳು, ಬಲಕ್ಕೆ ದಿನ, ಕೆಳಗೆ ಕಟ್ಟು. 1868ರಿಂದ ಮೇಲೆ ದಿನ, ಬಲಕ್ಕೆ ವರ್ಷ, ಕೆಳಗೆ ತಿಂಗಳು, ಎಡಕ್ಕೆ ಕಟ್ಟು. ಹಾಗಾಗಿ ಅಕ್ಷರಕ್ಕಿಂತ ಮೊದಲು ಮೂಲೆ ಓದಬೇಕು. ಮೇಲೆ ಅಕ್ಷರ ಇದ್ದರೆ ಮೊದಲನೇ ಪಟ್ಟಿ, ಅಂಕಿ ಇದ್ದರೆ ಎರಡನೇ ಪಟ್ಟಿ.

ಸೀತಾಳೆ

ಅಜ್ಜಾ, ಇ ಪಕ್ಕದಲ್ಲಿ ಒಂದು ಗೀಟಿದೆ, ಅದನ್ನ ನಾನು ಗೀರು ಅಂದುಕೊಂಡಿದ್ದೆ. ಹೊಟ್ಟೇಲಿ ಬಳ್ಳಿ ಥರ ಏನೋ ಚಿತ್ತಾರ. ಮೂರನೇದಕ್ಕೆ ಉತ್ತರ: ಒಳಗಿನಿಂದಾನೇ ಇಣುಕಿದ್ದು. ಮೇಲೆ ಟ್ಯೂಬ್‌ಲೈಟ್ ಇತ್ತಲ್ಲ, ಹಾಗೆ ನೋಡಿದ್ರೇನೇ ಚೆನ್ನಾಗಿ ಕಾಣ್ತಿತ್ತು.

ಗಾಜಿನಜ್ಜ

ಅಂದುಕೊಂಡೆ. ಹೊಟ್ಟೆಯೊಳಗಿರುವುದು ಬಳ್ಳಿಯಲ್ಲ ತಾಯಿ, ಆರ್ ಮತ್ತು ಡಿ, ರಿಜಿಸ್ಟರ್ಡ್ ಅನ್ನುವುದರ ಚುಟುಕು. ಗುರುತು ಹೊರಗಡೆ ತಳದಲ್ಲಿದೆ, ನೀವು ಗಾಜಿನ ಮೂಲಕ ಹಿಂದಿನಿಂದ ನೋಡಿದ್ದೀರಿ. ಕನ್ನಡಿಯಲ್ಲಿ ನೋಡಿದ ಹಾಗೆ ಎಡ ಬಲ ತಿರುಗಿದೆ. ಬೋರಲು ಹಾಕಿ ಮತ್ತೆ ಓದಿ.

ನೇತ್ರಾವತಿ (ಲಂಡನ್)

ಸೀತಾಳೆಯವರೇ, ಗುರುತು ಸವೆದಿದ್ದರೆ ಚೂರು ವಿಭೂತಿ ಉಜ್ಜಿ, ಬಟ್ಟೆಯಲ್ಲಿ ಮೇಲಿಂದ ಹಗುರಾಗಿ ಒರೆಸಿ. ಸಂದಿಯಲ್ಲಿ ಬಿಳಿ ಕೂತು ಅಕ್ಷರ ಎದ್ದು ಕಾಣ್ತದೆ. ನಾನು ದೇವರ ಮನೆಯದ್ದೇ ತಗೊಳ್ಳೋದು, ದೇವರು ಏನೂ ಹೇಳುವುದಿಲ್ಲ.

ಧಾರವಾಡ ಪೇಡೆ

ವಿಭೂತಿ ಇಲ್ಲಂದ್ರ ರಂಗೋಲಿ ಪುಡಿ ನಡೀತದೇನ್ರಿ?

ಗಾಜಿನಜ್ಜ

ರಂಗೋಲಿ ಪುಡಿ ಖಂಡಿತಾ ಬೇಡ. ಅದು ಕಲ್ಲಿನ ಪುಡಿ, ಗಾಜಿಗೆ ಗೀರು ಬೀಳಬಹುದು. ಅಕ್ಕಿಹಿಟ್ಟು ಆದೀತು. ನಾನು ಮಾಡುವುದು ಇನ್ನೂ ಸುಲಭ: ತೆಳು ಕಾಗದ ಒತ್ತಿಹಿಡಿದು ಪೆನ್ಸಿಲ್ ಅಡ್ಡಡ್ಡ ಆಡಿಸೋದು. ಚಿಕ್ಕವರಿದ್ದಾಗ ನಾಣ್ಯದ ಮೇಲೆ ಮಾಡುತ್ತಿರಲಿಲ್ಲವೇ, ಹಾಗೆ.

ಸೀತಾಳೆ

ಅಯ್ಯೋ ದೇವರೇ! ಬೋರಲು ಹಾಕಿ, ಅಕ್ಕಿಹಿಟ್ಟು ಉಜ್ಜಿ, ಟಾರ್ಚನ್ನ ಪಕ್ಕದಿಂದ ಹಿಡಿದೆ. ಮೇಲೆ ಇರೋದು 31! ಮೂರು ಉಲ್ಟಾ ಆಗಿ ಇ ಥರ ಕಂಡಿತ್ತು, ನನ್ನ "ಗೀರು" ಒಂದು ಅನ್ನೋ ಅಂಕಿ. ಎಚ್ ಈಗ ಬಲಗಡೆ ಬಂತು. ಎಡಗಡೆ ಇರೋದು 3ಓ 6ಓ 8ಓ, ಸವೆದಿದೆ. ಕೆಳಗಿನ "1" ಅಂಕಿ ಅಲ್ಲ, ಮೇಲೆ ಕೆಳಗೆ ಅಡ್ಡಗೆರೆ ಇದೆ, ಐ ಅಕ್ಷರ.

ಎರಡನೇ ಪಟ್ಟಿ ಪ್ರಕಾರ ಐ ಅಂದರೆ ಜುಲೈ, ಎಚ್ ಅಂದರೆ 1869. 31 ಜುಲೈ 1869?

ಜೊತೆಗೆ ಸುತ್ತಲಿನ ಅಕ್ಷರಾನೂ ಓದೋಕಾಯ್ತು. "ಗ್ಲ್ಯಾಡ್‌ಸ್ಟನ್ ಫಾರ್ ದ ಮಿಲಿಯನ್". ಯಾರಿದು, ಬಿಸ್ಕತ್ತಿನ ಕಂಪನಿನಾ?

ಗಾಜಿನಜ್ಜ

ಬಿಸ್ಕತ್ತು! ಆ ಮಹಾನುಭಾವರು ಕೇಳಿಸಿಕೊಂಡಿದ್ದರೆ ಮೂರು ಗಂಟೆ ಭಾಷಣ ಮಾಡುತ್ತಿದ್ದರು. ವಿಲಿಯಂ ಗ್ಲ್ಯಾಡ್‌ಸ್ಟನ್, 1868ರ ಡಿಸೆಂಬರಿನಲ್ಲಿ ಮೊದಲ ಸಲ ಬ್ರಿಟನ್ನಿನ ಪ್ರಧಾನಿಯಾದವರು. "ಮಿಲಿಯನ್" ಅಂದರೆ ಇಲ್ಲಿ ಜನಸಾಮಾನ್ಯರು. ಅದಾಗಿ ಎಂಟೇ ತಿಂಗಳಿಗೆ ನಿಮ್ಮ ಬಟ್ಟಲಿನ ವಿನ್ಯಾಸ ನೋಂದಣಿ ಆಗಿದೆ. ಮಾಡಿದವರು ಸಂಡರ್‌ಲ್ಯಾಂಡಿನ ಹೆನ್ರಿ ಗ್ರೀನರ್, ನಿಮ್ಮ ಮನೆಯಿಂದ ಮೆಟ್ರೋದಲ್ಲಿ ಹೋಗಿಬರುವ ದೂರ. ಇದೇ ಬರಹದ ತಟ್ಟೆಯೂ ಇದೆ, ಗಾಜು ಸಂಗ್ರಹಿಸುವವರಿಗೆಲ್ಲ ಪರಿಚಿತ. ತಾರೀಕು ಅದೇ, 31 ಜುಲೈ 1869.

ಅಂಗಡಿಯವರು ಎಚ್ ನೋಡಿ ಮೊದಲನೇ ಪಟ್ಟಿಯಲ್ಲಿ ಹುಡುಕಿದ್ದಾರೆ, ಅಲ್ಲಿ ಎಚ್ ಅಂದರೆ 1843. ಎಚ್ ಮತ್ತು ಐ ಎರಡೂ ಕನ್ನಡಿಯಲ್ಲಿ ನೋಡಿದರೂ ಹಾಗೇ ಇರುವ ಅಕ್ಷರಗಳು, ಅದಕ್ಕೇ ನಿಮಗೆ ಅನುಮಾನ ಬರಲಿಲ್ಲ. ಬೇರೆ ಅಕ್ಷರ ಇದ್ದಿದ್ದರೆ ಉಲ್ಟಾ ಕಂಡು ತಕ್ಷಣ ಗೊತ್ತಾಗುತ್ತಿತ್ತು. ಒಂದೇ ಗುರುತಿನಿಂದ 1843, 1855, 1869, ಮೂರು ವರ್ಷ ಹೊರಟವು. ನನ್ನ ಮೂವತ್ತು ವರ್ಷದ ಗಾಜಿನ ಹುಚ್ಚಿನಲ್ಲಿ ಇಷ್ಟು ಅಚ್ಚುಕಟ್ಟಾದ ತಪ್ಪನ್ನು ನೋಡಿರಲಿಲ್ಲ!

ಇನ್ನೊಂದು ಮಾತು. ಗುರುತು ಓದದೆಯೇ 1843ರ ಮೇಲೆ ಅನುಮಾನ ಪಡಬಹುದಿತ್ತು. ಆಗ ಗ್ಲ್ಯಾಡ್‌ಸ್ಟನ್‌ಗೆ 33 ವರ್ಷ, ಮಂತ್ರಿಮಂಡಲಕ್ಕೆ ಆಗಷ್ಟೇ ಕಾಲಿಟ್ಟಿದ್ದ ಹುಡುಗ, ಅವನ ಹೆಸರಲ್ಲಿ ಬಟ್ಟಲು ಯಾರು ಮಾಡುತ್ತಾರೆ? ಜೊತೆಗೆ ಗಾಜಿನ ಮೇಲಿನ ಅಬಕಾರಿ ಸುಂಕ ತೆಗೆದದ್ದೇ 1845ರಲ್ಲಿ. ಬಡವರ ಮನೆಗೆ ಅಚ್ಚುಗಾಜು (ಪಾಕವನ್ನು ಅಚ್ಚಿಗೆ ಹಾಕಿ ಒತ್ತಿದ ಗಾಜು) ಅಗ್ಗವಾಗಿ ಬರಲು ಶುರುವಾದದ್ದು ಅದರ ನಂತರ.

ಅವೆನ್ಯೂ ರೋಡ್ (ಬೆಂಗಳೂರು)

ಅಜ್ಜ, ಒಂದು ಡೌಟು. ಗ್ರೀನರ್ ಅಂದ್ರೆ ಸಿಂಹದ ಮುದ್ರೆ ಇರಬೇಕಲ್ವಾ? ಇವರ ಬಟ್ಟಲಲ್ಲಿ ಸಿಂಹ ಎಲ್ಲಿ? ನಾನಾಗಿದ್ರೆ ಡೂಪ್ಲಿಕೇಟ್ ಅಂತಿದ್ದೆ.

ಗಾಜಿನಜ್ಜ

ಸಿಂಹ ಇಲ್ಲದಿರುವುದೇ ಸರಿ. ಬ್ರಿಟನ್ನಿನಲ್ಲಿ ಟ್ರೇಡ್‌ಮಾರ್ಕ್ ನೋಂದಣಿಯ ಕಾನೂನು ಬಂದದ್ದು 1875ರಲ್ಲಿ. ಆಮೇಲೆ ಗಾಜಿನವರೆಲ್ಲ ಪ್ರಾಣಿ ಪಕ್ಷಿ ಹುಡುಕಿಕೊಂಡರು. ಗೇಟ್ಸ್‌ಹೆಡ್ಡಿನ ಸೋವರ್‌ಬಿಗೆ ನವಿಲಿನ ತಲೆ. ಅದೇ ಊರಿನ ಡೇವಿಡ್‌ಸನ್‌ಗೆ ಕೋಟೆಯ ಬುರುಜಿನಿಂದ ಎದ್ದುಬರುವ ಸಿಂಹ. ಗ್ರೀನರ್‌ಗೆ ಮೊದಲು ನಕ್ಷತ್ರ ಹಿಡಿದ ಸಿಂಹ, ಆಮೇಲೆ ಕೊಡಲಿ ಹಿಡಿದ ಸಿಂಹ. ನಮ್ಮ ಮ್ಯಾಂಚೆಸ್ಟರಿನ ಜಾನ್ ಡರ್ಬಿಶೈರ್ ಲಂಗರಿನ ಮೇಲೆ ತನ್ನ ಇನಿಷಿಯಲ್ ಹಾಕಿಕೊಂಡ. 1869ರ ಅಚ್ಚಿನಲ್ಲಿ ಸಿಂಹ ಇದ್ದಿದ್ದರೆ ನಾನೇ ಹುಬ್ಬೇರಿಸುತ್ತಿದ್ದೆ.

ಅವೆನ್ಯೂ ರೋಡ್

ಸರಿ ಒಪ್ಪಿದೆ. ಹಾಗಾದ್ರೆ ನನ್ನದೂ ಒಂದು ನೋಡಿ. ಭಾನುವಾರದ ಬಜಾರಲ್ಲಿ ರೇಡಿಯೋ ಬಿಡಿಭಾಗದ ರಾಶಿ ಪಕ್ಕ ಸಿಕ್ಕಿದ್ದು. ದೋಣಿ ಆಕಾರದ ತಟ್ಟೆ, ಮಧ್ಯೆ ತಿಳಿನೀಲಿ, ಅಂಚಿಗೆ ಹೋಗ್ತಾ ಹೋಗ್ತಾ ಗಟ್ಟಿ ಹಾಲಿನ ಬಿಳಿ. ಬರ್ಫಿ ಗುರುತು ಇಲ್ಲ. "ಆರ್‌ಡಿ ನಂಬರ್ 1306" ಅಂತ ಕಾಣುತ್ತೆ, ಆಮೇಲೆ ಎರಡು ಅಂಕಿ ಸವೆದು ಹೋಗಿವೆ. ಪೂರ್ತಿ ನಂಬರ್ ಇಲ್ದೆ ಏನೂ ಗೊತ್ತಾಗಲ್ಲ ಅಲ್ವಾ?

ಗಾಜಿನಜ್ಜ

ಗೊತ್ತಾಗುತ್ತೆ, ಆರು ಅಂಕಿಯ ನಂಬರು ಅನ್ನುವುದು ಗಟ್ಟಿಯಿದ್ದರೆ. 1884ರಿಂದ ಬರ್ಫಿ ಬಿಟ್ಟು ಒಂದರಿಂದ ಸಾಲಾಗಿ ನಂಬರು ಕೊಡಲು ಶುರುಮಾಡಿದರು. 1889ರ ನಂಬರುಗಳು 116648ಕ್ಕೆ ಶುರುವಾಗುತ್ತವೆ, 1890ರದ್ದು 141273ಕ್ಕೆ. ನಿಮ್ಮದು 130600ರಿಂದ 130699ರ ನಡುವೆ ಎಲ್ಲಾದರೂ ಇರಲಿ, 1889ರದ್ದೇ. ಕಳೆದುಹೋದ ಎರಡು ಅಂಕಿ ತಾರೀಕಿಗೆ ಬೇಕಾಗಿಲ್ಲ. ತಯಾರಕರ ಹೆಸರಿಗೆ ಬೇಕು.

ಆದರೆ ಇಲ್ಲಿ ಬಣ್ಣ ಸಾಕ್ಷಿ ಹೇಳುತ್ತೆ. ನೀಲಿಯಿಂದ ಹಾಲಿಗೆ ತಿರುಗುವ ಈ ಗಾಜನ್ನು ಡೇವಿಡ್‌ಸನ್ ಕಂಪನಿ ಪೇಟೆಂಟ್ ತೆಗೆದುಕೊಂಡು "ಪರ್ಲೈನ್" ಅಂತ ಮಾರಿತು. ಪೇಟೆಂಟಿನ ವರ್ಷ? 1889. ನಂಬರೂ ಬಣ್ಣವೂ ಒಂದೇ ಕಡೆ ಕೈ ತೋರಿಸುತ್ತಿವೆ. ಬೇರೆಯವರೂ ಈ ಥರ ಮಾಡಿದರು, ಅದರಿಂದ ವಿನ್ಯಾಸವನ್ನು ಕ್ಯಾಟಲಾಗಿನ ಚಿತ್ರದ ಜೊತೆ ತಾಳೆ ನೋಡದೆ ಡೇವಿಡ್‌ಸನ್ ಅಂತ ಬೋರ್ಡು ಹಾಕಬೇಡಿ.

ಲ್ಯಾಬ್ ಕೋಟು (ಮೈಸೂರು)

ಕೆಮಿಸ್ಟ್ರಿ ಮೇಷ್ಟ್ರು ಬಂದೆ. ಆ ಬಿಳಿ ಅಂಚು ಬಣ್ಣ ಬಳಿದದ್ದಲ್ಲ, ಎರಡು ಗಾಜು ಜೋಡಿಸಿದ್ದೂ ಅಲ್ಲ. ಪಾಕದಲ್ಲೇ ಹಾಲುಬಣ್ಣ ಬರಿಸುವ ವಸ್ತು ಬೆರೆತಿರುತ್ತೆ, ಆದರೆ ಅಚ್ಚಿನಿಂದ ಹೊರಗೆ ಬಂದಾಗ ಕಾಣೋದಿಲ್ಲ. ಅಂಚನ್ನಷ್ಟೇ ಮತ್ತೆ ಕುಲುಮೆಯ ಬಾಯಿಗೆ ಹಿಡಿದು ಕಾಯಿಸಿದರೆ ಅಲ್ಲಿ ಮಾತ್ರ ಬೆಳ್ಳಗಾಗುತ್ತೆ. ಹಾಗಾಗಿ ಒಂದೇ ಅಚ್ಚಿನ ಎರಡು ತಟ್ಟೆಯಲ್ಲಿ ಬಿಳಿ ಒಂದೇ ಸಮ ಇರಲ್ಲ. ಕಾಯಿಸಿದವನ ಕೈ ಅದು, ಹೋಳಿಗೆ ಬೇಯಿಸಿದ ಹಾಗೆ.

ಪರ್ಲೈನ್‌ನಲ್ಲಿ ಹಳದಿಯೂ ಇದೆ, ಪ್ರಿಮ್‌ರೋಸ್ ಅಂತ. ಅದರಲ್ಲಿ ಯುರೇನಿಯಂ ಇರುತ್ತೆ, ಯುವಿ ಟಾರ್ಚ್ ಬಿಟ್ಟರೆ ಗಿಳಿಹಸಿರಾಗಿ ಉರಿಯುತ್ತೆ.

ಸೀತಾಳೆ

ಯುರೇನಿಯಂ ಅಂದ ತಕ್ಷಣ ಓಡಿಹೋಗಿ ಟಾರ್ಚ್ ಹಿಡಿದೆ (ನೈಲ್ ಪಾಲಿಶ್ ಒಣಗಿಸೋದರ ಜೊತೆ ಬಂದಿದ್ದು). ನನ್ನ ಬಟ್ಟಲು ಮಂಕಾಗಿ ಹಸಿರು ಹೊಳೀತಿದೆ! ಬಿಸಾಡಬೇಕಾ?

ಲ್ಯಾಬ್ ಕೋಟು

ಬೇಡಮ್ಮಾ. ಮಂಕಾಗಿ ಹೊಳೆದರೆ ಮ್ಯಾಂಗನೀಸ್. ಮರಳಿನಲ್ಲಿರುವ ಕಬ್ಬಿಣದಿಂದ ಗಾಜಿಗೆ ಹಸಿರು ಛಾಯೆ ಬರುತ್ತೆ, ಅದನ್ನು ಕೊಲ್ಲೋಕೆ ಸ್ವಲ್ಪ ಮ್ಯಾಂಗನೀಸ್ ಹಾಕುತ್ತಿದ್ದರು. ಅಂಥ ಗಾಜು ವರ್ಷಾನುಗಟ್ಟಲೆ ಬಿಸಿಲಿಗೆ ಬಿದ್ದರೆ ತಿಳಿ ನೇರಳೆಗೆ ತಿರುಗೋದೂ ಉಂಟು. ಯುರೇನಿಯಂ ಗಾಜಿನ ಹೊಳಪಿಗೆ ಅನುಮಾನವೇ ಬೇಡ, ಕತ್ತಲೆ ಕೋಣೆಯಲ್ಲಿ ಮಿಣುಕುಹುಳ ಕೂತ ಹಾಗಿರುತ್ತೆ. ಅದನ್ನೂ ಬೀರುವಿನಲ್ಲಿಟ್ಟು ನೋಡೋಕೆ ಭಯ ಇಲ್ಲ. ಗೊಜ್ಜು, ಉಪ್ಪಿನಕಾಯಿ ಮಾತ್ರ ಹಾಕಿಡಬೇಡಿ, ಹುಳಿಗೆ ಲೋಹ ಬಿಟ್ಟುಕೊಳ್ಳುತ್ತೆ.

ನೇತ್ರಾವತಿ

ಹೊಳೆದದ್ದೆಲ್ಲ ಹಳತು ಅಂತ ನಂಬಿ ನಾನು ಮೋಸ ಹೋಗಿದ್ದೇನೆ ಮಾರಾಯ್ರೆ. ಆನ್‌ಲೈನಿನಲ್ಲಿ ಒಬ್ಬರು "ವಿಕ್ಟೋರಿಯನ್ ವ್ಯಾಸಲೀನ್ ಗ್ಲಾಸ್" (ವಿಕ್ಟೋರಿಯಾ ರಾಣಿ ಕಾಲದ ಯುರೇನಿಯಂ ಗಾಜು) ಅಂತ ಹಾಕಿದ್ದರು, ಕತ್ತಲೆಯಲ್ಲಿ ಹೊಳೆಯುವ ಫೋಟೋ ಬೇರೆ. 40 ಪೌಂಡ್ ಕೊಟ್ಟೆ. ಬಂದ ಮೇಲೆ ನೋಡಿದರೆ ತಳದಲ್ಲಿ ಒಂದು ಗೀರಿಲ್ಲ, ಆಗಷ್ಟೇ ಹುಟ್ಟಿದ ಮಗುವಿನ ಪಾದದ ಹಾಗೆ. ಯುರೇನಿಯಂ ಗಾಜು ಅಮೆರಿಕದಲ್ಲಿ ಈಗಲೂ ಅಚ್ಚು ಹಾಕ್ತಾರೆ ಅಂತ ಆಮೇಲೆ ಗೊತ್ತಾಯ್ತು.

ಈಗ ನಾನು ಮೊದಲು ತಳ ನೋಡೋದು. ನೂರು ವರ್ಷ ಮೇಜಿನ ಮೇಲೆ ಆಚೀಚೆ ಸರಿದ ಪಾತ್ರೆಗೆ ಮೇಜು ತಾಗುವ ಅಂಚಿನಲ್ಲಿ ಮಾತ್ರ ಗೀರು ಇರ್ತದೆ, ಅದೂ ದಿಕ್ಕುದೆಸೆ ಇಲ್ಲದೆ. ಗೀರೆಲ್ಲ ಒಂದೇ ಕಡೆಗೆ ಓಡಿದ್ದರೆ ಯಾರೋ ಉಪ್ಪುಕಾಗದ ತಿಕ್ಕಿದ್ದು.

ಅವೆನ್ಯೂ ರೋಡ್

ನಮ್ಮ ಕಡೆ ಅಷ್ಟೆಲ್ಲ ಕಷ್ಟಪಡಲ್ಲ, "ಮಹಾರಾಜರ ಕಾಲದ್ದು ಸಾರ್" ಅಂತ ಒಂದು ಮಾತು, ವ್ಯಾಪಾರ ಮುಗೀತು. ಅಂದಹಾಗೆ, ಕಪ್ಪು ಬಿಳಿ ನೇರಳೆ ಕಲಸಿದ ಹಾಗಿರೋ ಗಾಜಿಗೆ ಕಬ್ಬಿಣದ ಕಾರ್ಖಾನೆ ಕಿಟ್ಟ ಬೆರೆಸ್ತಿದ್ರಂತೆ, ಅದಕ್ಕೇ ಸ್ಲ್ಯಾಗ್ ಗ್ಲಾಸ್ ಅಂತಾರಂತೆ. ಹೌದಾ?

ಗಾಜಿನಜ್ಜ

ಹಾಗೆ ಹೇಳುವವರಿದ್ದಾರೆ, ನಿಜವೋ ಹೆಸರು ಕೇಳಿ ಹುಟ್ಟಿದ ಕತೆಯೋ ಖಚಿತವಿಲ್ಲ. ಎರಡು ಬಣ್ಣದ ಪಾಕವನ್ನು ಪೂರ್ತಿ ಬೆರೆಯದ ಹಾಗೆ ಕಲಸಿ ಅಚ್ಚಿಗೆ ಹಾಕಿದರೆ ಆ ಸುಳಿ ಬರುತ್ತೆ. ಸೋವರ್‌ಬಿಯವರು ಮ್ಯಾಲಕೈಟ್ ಅಂತ ಕಲ್ಲಿನ ಹೆಸರಿಟ್ಟು ಮಾರುತ್ತಿದ್ದರು.

ನೇತ್ರಾವತಿ

ಅಜ್ಜ, ನನ್ನ ಹತ್ತಿರ ಒಂದು ಹೂಜಿ ಉಂಟು. "ಫಾರಿನ್" ಅಂತ ಬರೆದು ಆರ್‌ಡಿ ನಂಬರ್ 702446 ಅಂತ ಉಂಟು. ಬ್ರಿಟಿಷ್ ನಂಬರಿದ್ದ ಮೇಲೆ ಫಾರಿನ್ ಹೇಗೆ?

ಗಾಜಿನಜ್ಜ

ಬಹಳ ಒಳ್ಳೆಯ ಪ್ರಶ್ನೆ. ಅದು ಜಾಕೋಬಿಯನ್ ಅನ್ನುವ ವಿನ್ಯಾಸ, 1923ರ ನೋಂದಣಿ. ಗಾಜು ಮಾಡಿದ್ದು ಬೊಹೀಮಿಯಾದ (ಈಗಿನ ಚೆಕ್ ದೇಶ) ಇನ್‌ವಾಲ್ಡ್ ಕಾರ್ಖಾನೆ, ಬ್ರಿಟನ್ನಿನಲ್ಲಿ ಮಾರಿದ್ದು ಲಂಡನ್ನಿನ ಕ್ಲೇಟನ್ ಮೇಯರ್ಸ್. ರಿಜಿಸ್ಟರಿನಲ್ಲಿ ಇರುವುದು ಯಾರು ಅರ್ಜಿ ಹಾಕಿದರೋ ಅವರ ಹೆಸರು, ಕುಲುಮೆ ಊದಿದವರ ಹೆಸರೇ ಆಗಬೇಕೆಂದಿಲ್ಲ. ತಾರೀಕೂ ಅಷ್ಟೇ. ವಿನ್ಯಾಸ ಕಾಗದಕ್ಕೆ ಬಿದ್ದ ದಿನ ಅದು, ನಿಮ್ಮ ಹೂಜಿ ಹುಟ್ಟಿದ ದಿನ ಅಲ್ಲ. ಅಚ್ಚು ಕೆತ್ತಿಸಲು ದುಡ್ಡು ಸುರಿದಿರುತ್ತಾರೆ, ಸವೆಯುವ ತನಕ ಒತ್ತುತ್ತಾರೆ.

ವಿನ್ಯಾಸವೊಂದನ್ನೇ ನಂಬಿದರೂ ಎಡವುತ್ತೇವೆ. ಅಮೆರಿಕದ ಡೇಸಿ ಅಂಡ್ ಬಟನ್ ವಿನ್ಯಾಸವನ್ನು 1880ರ ದಶಕದಿಂದ ಎಷ್ಟು ಕಾರ್ಖಾನೆಗಳು ಒತ್ತಿದವೋ ಲೆಕ್ಕವಿಲ್ಲ. ಆಮೇಲೆ ನಕಲೂ ಬಂತು. ಹೆಸರುಗಳ ಕತೆಯಂತೂ ಕೇಳಬೇಡಿ. ಕಾರ್ಖಾನೆಯವರು ಎಷ್ಟೋ ವಿನ್ಯಾಸಕ್ಕೆ ಬರೀ ನಂಬರು ಕೊಟ್ಟಿದ್ದರು, ಚೆಂದದ ಹೆಸರೆಲ್ಲ ನಮ್ಮಂಥ ಸಂಗ್ರಹದ ಹುಚ್ಚರು ಆಮೇಲೆ ಇಟ್ಟದ್ದು.

ತುಂಗಾತೀರ (ಶಿವಮೊಗ್ಗ)

ಇಷ್ಟು ದಿನ ಸುಮ್ನೆ ಓದ್ತಿದ್ದೆ. ನಮ್ಮಜ್ಜಿ ಮನೆ ಅಟ್ಟದಲ್ಲಿ ಎರಡು ಲೋಟ ಸಿಕ್ಕಿವೆ. ಕಿತ್ತಳೆ ಬಣ್ಣ, ಮೇಲೆ ಸೋಪಿನ ಗುಳ್ಳೆ ಥರ ನೀಲಿ ನೇರಳೆ ಮಿಂಚು. ದ್ರಾಕ್ಷಿ ಗೊಂಚಲಿನ ಚಿತ್ತಾರ, ನಡುವೆ ಇಂಗ್ಲಿಷಲ್ಲಿ "ಜೈನ್" ಅಂತ. ಇದೂ ಇಂಗ್ಲೆಂಡಿಂದ ಬಂದಿದ್ದಾ?

ಗಾಜಿನಜ್ಜ

ಅಲ್ಲಮ್ಮ, ಅಪ್ಪಟ ನಮ್ಮದು. ಉತ್ತರ ಪ್ರದೇಶದ ಫಿರೋಜಾಬಾದಿನ ಜೈನ್ ಗ್ಲಾಸ್ ವರ್ಕ್ಸ್. ಇದಕ್ಕೆ ಕಾರ್ನಿವಲ್ ಗ್ಲಾಸ್ ಅಂತಾರೆ, ಬಿಸಿ ಗಾಜಿನ ಮೇಲೆ ಲೋಹದ ಲವಣ ಸಿಂಪಡಿಸಿದರೆ ಆ ಮಿಂಚು ಬರುತ್ತೆ. ಇಂಗ್ಲೆಂಡ್, ಆಸ್ಟ್ರೇಲಿಯಾದ ಸಂಗ್ರಹಕಾರರು ಇವನ್ನು ಹುಡುಕಿಕೊಂಡು ಬರುತ್ತಾರೆ. ಒಂದು ಪರೀಕ್ಷೆ ಮಾಡಿ: ಲೋಟದೊಳಗೆ ಬೆರಳು ಹಾಕಿ ಗೋಡೆ ಸವರಿ. ನುಣ್ಣಗಿದೆಯೋ, ಗೊಂಚಲಿನ ಉಬ್ಬುತಗ್ಗು ಒಳಗೂ ಸಿಗುತ್ತೋ?

ತುಂಗಾತೀರ

ಒಳಗೂ ಸಿಗುತ್ತೆ. ಹೊರಗೆ ಉಬ್ಬಿದ ಕಡೆ ಒಳಗೆ ಗುಳಿ. ಲೋಟ ತುಂಬಾ ತೆಳು, ಎತ್ತೋಕೆ ಭಯ ಆಗುತ್ತೆ.

ಗಾಜಿನಜ್ಜ

ಹಾಗಾದರೆ ಅದು ಒತ್ತಿದ ಗಾಜಲ್ಲ, ಅಚ್ಚಿನೊಳಗೆ ಊದಿದ್ದು. ಒತ್ತುವಾಗ ಲೋಹದ ಗುಂಡು ಒಳಗಿನಿಂದ ಇಳಿಯುತ್ತೆ, ಅದಕ್ಕೇ ಒಳಗೋಡೆ ಗುಂಡಿನ ಹಾಗೆ ನುಣುಪು, ಚಿತ್ತಾರ ಹೊರಗೆ ಮಾತ್ರ. ಊದಿದರೆ ಗಾಳಿ ಗಾಜನ್ನು ಅಚ್ಚಿನ ಸಂದಿಗೊಂದಿಗೆಲ್ಲ ತಳ್ಳುತ್ತೆ, ಒಳಗೂ ಅದೇ ಗುಳಿ ಬೀಳುತ್ತೆ. ಕಣ್ಣು ಮುಚ್ಚಿಕೊಂಡು ಹೇಳಬಹುದಾದ ವ್ಯತ್ಯಾಸ ಇದೊಂದೇ. ಸೀತಾಳೆ ಅವರ ಬಟ್ಟಲಿನ ಒಳಗೆ ಸವರಿದರೆ ಗ್ಲ್ಯಾಡ್‌ಸ್ಟನ್ ಕೈಗೆ ಸಿಗುವುದಿಲ್ಲ.

ಸೀತಾಳೆ

ಸವರಿದೆ, ಸಿಗಲಿಲ್ಲ! ಅಜ್ಜಾ, ಮೂಲ ದಾಖಲೆ ನೋಡೋಕೆ ಆಗುತ್ತಾ?

ಗಾಜಿನಜ್ಜ

ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಎಲ್ಲ ಇದೆ. ಬಿಟಿ 43 ಅನ್ನುವ ಸರಣಿಯಲ್ಲಿ ಕಂಪನಿಗಳು ಕೊಟ್ಟ ಚಿತ್ರಗಳು, ಬಿಟಿ 44ರಲ್ಲಿ ಹೆಸರು ವಿಳಾಸದ ರಿಜಿಸ್ಟರು. ಕಣ್ಣಾರೆ ಗಾಜು ನೋಡಬೇಕಾದರೆ ಅಷ್ಟು ದೂರ ಯಾಕೆ, ನಿಮ್ಮ ಹೊಳೆಯಾಚೆ ಗೇಟ್ಸ್‌ಹೆಡ್ಡಿನ ಶಿಪ್ಲಿ ಆರ್ಟ್ ಗ್ಯಾಲರಿಗೆ ಹೋಗಿ. ಟೈನ್ ದಂಡೆಯ ಅಚ್ಚುಗಾಜಿನ ಒಳ್ಳೆಯ ಸಂಗ್ರಹ ಅವರದು.

ಸೀತಾಳೆ (ಒಂದು ವಾರದ ಮೇಲೆ)

ಶನಿವಾರ ಅದೇ ಅಂಗಡಿಯವರ ಹತ್ತಿರ ಹೋಗಿದ್ದೆ. ಮೇಜಿನ ಮೇಲೆ ಜೊತೆಯ ಹಾಲಿನ ಜಗ್ ಇತ್ತು! ಅದೇ ಬರಹ, ಅದೇ ಬರ್ಫಿ, ಚೀಟಿಯಲ್ಲಿ ಅದೇ 1843, ಬೆಲೆ 12 ಪೌಂಡ್. ಕೊಳ್ಳೋ ಮುಂಚೆ ಬಾಯಿ ಮುಚ್ಕೊಂಡಿರಬೇಕಿತ್ತು. ನನಗೆಲ್ಲಿ ತಡೆಯುತ್ತೆ, ಜಗ್ಗನ್ನ ಬೋರಲು ಹಾಕಿ 31 ತೋರಿಸಿದೆ, ಎಚ್ ತೋರಿಸಿದೆ, ಗ್ಲ್ಯಾಡ್‌ಸ್ಟನ್ ಪುರಾಣ ಎಲ್ಲ ಹೇಳಿದೆ. ಅವರು ಕನ್ನಡಕ ಏರಿಸಿ ಐದು ನಿಮಿಷ ನೋಡಿದರು. ಪೆನ್ಸಿಲ್ ತಗೊಂಡು 1843 ಹೊಡೆದು 1869 ಅಂತ ಬರೆದರು. ಆಮೇಲೆ ಪ್ರಧಾನಿ ಹೆಸರಿರೋ ಸಾಮಾನಲ್ವಾ ಅಂತ 12 ಹೊಡೆದು 18 ಮಾಡಿದರು.

ಧಾರವಾಡ ಪೇಡೆ

ಅಕ್ಕಾರ, ನಿಮ್ಮ ಪಾಠಕ್ಕ ಫೀ ನೀವೇ ಕೊಟ್ರಿ.

ಗಾಜಿನಜ್ಜ

ತಗೊಂಡಿರಾ ಇಲ್ಲವಾ?

ಸೀತಾಳೆ

ತಗೊಂಡೆ ಅಜ್ಜಾ. ಇವರಿಗೆ 12 ಅಂತಲೇ ಹೇಳಿದೀನಿ.